ಹಳೆಯ ವಿದ್ಯಾರ್ಥಿ, ದತ್ತಿ ಮತ್ತು ದಾನಿಯ ಅಧಿಕಾರ

1

ವಿಶ್ವವಿದ್ಯಾಲಯಗಳು ತಮ್ಮ ಹಳೆಯ ವಿದ್ಯಾರ್ಥಿಗಳೊಡನೆ ಸಂಬಂಧವನ್ನು ಉಳಿಸಿಕೊಂಡು ಅವರಿಂದ ನಿಧಿ ಸಂಗ್ರಹಿಸುವ ಪದ್ಧತಿಯನ್ನು ಕೇವಲ ಆಡಳಿತದ ವಿಷಯವೆಂದು ಭಾವಿಸುವುದು ವಾಡಿಕೆ. ಎಷ್ಟು ಹಣ ಬಂದಿತು, ಎಷ್ಟು ಕಟ್ಟಡಗಳು ಎದ್ದವು ಎಂಬ ಲೆಕ್ಕದೊಂದಿಗೆ ಚರ್ಚೆ ಮುಗಿಯುತ್ತದೆ. ಆದರೆ ಹಣ ಒಂಟಿಯಾಗಿ ಬರುವುದಿಲ್ಲ. ಯಾವ ವಿಷಯವನ್ನು ಬೋಧಿಸಬೇಕು, ಯಾವ ಪೀಠ ಉಳಿಯಬೇಕು, ಯಾವುದು ಸೊರಗಬೇಕು ಎಂಬುದನ್ನು ನಿರ್ಧರಿಸುವ ಅಧಿಕಾರದಲ್ಲಿ ಅದು ಪಾಲು ಕೇಳುತ್ತದೆ. ಆದುದರಿಂದ ಈ ಪದ್ಧತಿ ವಿದ್ವತ್ತಿನ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ವಿಷಯವೂ ಹೌದು. ಕರ್ನಾಟಕದ ಹೊರಗೆ ಕನ್ನಡದ ಅಧ್ಯಯನದಲ್ಲಿ ತೊಡಗಿರುವವರಿಗಂತೂ ಇದು ಅಳಿವು ಉಳಿವಿನ ಪ್ರಶ್ನೆ. ಸರ್ಕಾರದ ಅನುದಾನ ಕುಗ್ಗಿದಾಗಲೆಲ್ಲ ‘ನಿಮ್ಮ ಹಳೆಯ ವಿದ್ಯಾರ್ಥಿಗಳನ್ನು ಕೇಳಿ’ ಎಂಬ ಸಲಹೆ ನಮ್ಮ ವಿಭಾಗಗಳಿಗೂ ಬರುತ್ತದೆ. ಆ ಸಲಹೆಯ ಹಿಂದಿರುವ ಮಾದರಿ ಯಾವುದು, ಅದು ನಮಗೆ ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ಯತ್ನಿಸುತ್ತೇವೆ.

2

ಈ ಮಾದರಿಯ ತವರು ಅಮೆರಿಕ ಸಂಯುಕ್ತ ಸಂಸ್ಥಾನ. ಅಲ್ಲಿ ‘ಅಲುಮ್ನಿ’ ಎಂದು ಕರೆಯುವ ಹಳೆಯ ವಿದ್ಯಾರ್ಥಿಗಳ ಹೆಸರಿನಲ್ಲಿಯೇ ಒಂದು ಭಾವನೆ ಅಡಗಿದೆ. ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದಕ್ಕೆ ಸಾಕಿ ಬೆಳೆಸಿದ ಮಗು ಎಂಬ ಅರ್ಥವಿದೆ. ವಿದ್ಯಾಸಂಸ್ಥೆಯನ್ನು ಪೋಷಿಸುವ ತಾಯಿ ಎಂದು ಕರೆಯುವ ರೂಢಿಯೂ ಅದೇ ಭಾಷೆಯಿಂದ ಬಂದುದು. ನಮ್ಮ ‘ಹಳೆಯ ವಿದ್ಯಾರ್ಥಿ’ ಎಂಬ ಮಾತು ಕಾಲವನ್ನು ಮಾತ್ರ ಹೇಳುತ್ತದೆ, ಋಣವನ್ನು ಹೇಳುವುದಿಲ್ಲ. ಅಮೆರಿಕದ ಪದ್ಧತಿ ಆ ಋಣದ ಭಾವನೆಯನ್ನೇ ಒಂದು ವ್ಯವಸ್ಥೆಯನ್ನಾಗಿ ಕಟ್ಟಿತು.

ಅದರ ಆರಂಭ ಸಂಕಟದಲ್ಲಿ ಆದದ್ದು. ಮ್ಯಾಸಚೂಸೆಟ್ಸ್ ರಾಜ್ಯದ ವಿಲಿಯಮ್ಸ್ ಕಾಲೇಜಿನ ಅಧ್ಯಕ್ಷರೇ 1821ರಲ್ಲಿ ಕೆಲವು ವಿದ್ಯಾರ್ಥಿಗಳೊಡನೆ ಹೊರಟುಹೋಗಿ ಆಮ್‌ಹರ್ಸ್ಟ್‌ನಲ್ಲಿ ಬೇರೆಯ ಸಂಸ್ಥೆಯನ್ನು ಆರಂಭಿಸಿದಾಗ, ವಿಲಿಯಮ್ಸ್ ಮುಚ್ಚಿಹೋಗುವ ಭೀತಿ ಒದಗಿತು. ಅದನ್ನು ಉಳಿಸಲು ಅಲ್ಲಿ ಓದಿ ಹೊರಬಂದವರು ಆ ವರ್ಷವೇ ಸಂಘ ಕಟ್ಟಿದರು. ಇದನ್ನು ಈ ಬಗೆಯ ಸಂಘಗಳಲ್ಲಿ ಅತ್ಯಂತ ಹಳೆಯದೆಂದು ಗುರುತಿಸಲಾಗಿದೆ. ಮುಂದೆ 1890ರಲ್ಲಿ ಯೇಲ್ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳು ವಾರ್ಷಿಕ ನಿಧಿಯೊಂದನ್ನು ಸ್ಥಾಪಿಸಿದರು. ಪ್ರತಿಯೊಬ್ಬನೂ ತನ್ನ ಶಕ್ತಿಗೆ ತಕ್ಕಷ್ಟನ್ನು ವರ್ಷ ವರ್ಷ ಕೊಡಬೇಕು, ಅದನ್ನು ಹೇಗೆ ವೆಚ್ಚ ಮಾಡಬೇಕೆಂಬುದನ್ನು ವಿಶ್ವವಿದ್ಯಾಲಯ ನಿರ್ಧರಿಸಬೇಕು ಎಂಬುದು ಅದರ ತಿರುಳು. ಸಣ್ಣ ಮೊತ್ತ, ದೊಡ್ಡ ಸಂಖ್ಯೆ, ಷರತ್ತಿಲ್ಲದ ಬಳಕೆ ಎಂಬ ಈ ಮೂರು ಲಕ್ಷಣಗಳನ್ನು ನೆನಪಿನಲ್ಲಿಡಬೇಕು. ಏಕೆಂದರೆ ಇಂದು ಅಮೆರಿಕದ ಮಾದರಿಯೆಂದು ನಮ್ಮ ಮುಂದೆ ಇಡುತ್ತಿರುವುದು ಇದಲ್ಲ. ಒಬ್ಬ ಶ್ರೀಮಂತನ ಹೆಸರನ್ನು ಹೊತ್ತ ಕಟ್ಟಡ.

ಆ ಎರಡನೆಯ ಸಂಪ್ರದಾಯಕ್ಕೂ ಬೇರುಗಳಿವೆ. ಒಂದು ಬೇರು ಚೆನ್ನೈಗೇ ಬಂದು ಮುಟ್ಟುತ್ತದೆ. ಯೇಲ್ ಎಂಬ ಹೆಸರು ಬಂದದ್ದು 1687ರಿಂದ 1692ರವರೆಗೆ ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರಾಗಿದ್ದ ಎಲಿಹು ಯೇಲ್‌ನಿಂದ. ಅವನು ಆ ಕಾಲೇಜಿನಲ್ಲಿ ಓದಿದವನಲ್ಲ. ಹಣದ ಅಡಚಣೆಯಲ್ಲಿದ್ದ ಸಂಸ್ಥೆಯ ಪರವಾಗಿ 1718ರಲ್ಲಿ ಕಾಟನ್ ಮ್ಯಾದರ್ ಎಂಬ ಪಾದ್ರಿ ಪತ್ರ ಬರೆದು, ಸಂಸ್ಥೆಗೆ ಅವನ ಹೆಸರನ್ನೇ ಇಡಬಹುದೆಂಬ ಆಸೆ ತೋರಿಸಿದ. ಯೇಲ್ ಕಳುಹಿಸಿದ್ದು ಮಸ್ಲಿನ್, ಕ್ಯಾಲಿಕೊ ಮೊದಲಾದ ಬಟ್ಟೆಗಳಿದ್ದ ಒಂಬತ್ತು ಮೂಟೆ ಸರಕು, 417 ಪುಸ್ತಕಗಳು ಮತ್ತು ದೊರೆಯ ಒಂದು ಭಾವಚಿತ್ರ. ಸರಕು ಮಾರಿ ಬಂದ ಹಣ ಸುಮಾರು 562 ಪೌಂಡು. ಅಕ್ರಮ ಸಂಪಾದನೆಯ ಆಪಾದನೆಯಿಂದ ಪದವಿ ಕಳೆದುಕೊಂಡಿದ್ದ, ಮದರಾಸಿನ ಬಂದರಿನ ಮೂಲಕ ನಡೆದ ಗುಲಾಮರ ವ್ಯಾಪಾರದೊಡನೆ ಸಂಬಂಧವಿದ್ದ ವ್ಯಕ್ತಿಯ ಹೆಸರು ಹೀಗೆ ವಿದ್ಯೆಗೆ ಪರ್ಯಾಯವಾಯಿತು. ಗುಲಾಮಗಿರಿಯೊಂದಿಗೆ ತನಗಿದ್ದ ಸಂಬಂಧಕ್ಕಾಗಿ ಯೇಲ್ ವಿಶ್ವವಿದ್ಯಾಲಯ ಅಧಿಕೃತವಾಗಿ ಕ್ಷಮೆ ಕೋರಿದ್ದು 2024ರಲ್ಲಿ. ಪಡೆಯುವಾಗ ಕೇಳದ ಪ್ರಶ್ನೆಗೆ ಮೂರು ಶತಮಾನಗಳ ಬಳಿಕ ಉತ್ತರ ಹೇಳಬೇಕಾಯಿತು.

3

ದಾನಿ ಸಂಸ್ಥೆಯಲ್ಲಿ ಓದಿದವನೇ ಆಗಿದ್ದಾಗ ಸಮಸ್ಯೆ ಕಡಿಮೆಯಾಗುತ್ತದೆಂದು ಭಾವಿಸುವಂತಿಲ್ಲ. ಯೇಲ್‌ನ ಹಳೆಯ ವಿದ್ಯಾರ್ಥಿ ಲೀ ಬ್ಯಾಸ್ 1991ರಲ್ಲಿ ಪಾಶ್ಚಾತ್ಯ ನಾಗರಿಕತೆಯ ಅಧ್ಯಯನಕ್ಕೆಂದು 2 ಕೋಟಿ ಡಾಲರ್ ಕೊಟ್ಟರು. ಕಾರ್ಯಕ್ರಮ ಆರಂಭವಾಗದೆ ವರ್ಷಗಳು ಕಳೆದವು. ಅಧ್ಯಾಪಕರ ನೇಮಕದಲ್ಲಿ ತಮ್ಮ ಒಪ್ಪಿಗೆ ಬೇಕೆಂದು ದಾನಿ ಕೇಳಿದರು. ವಿಶ್ವವಿದ್ಯಾಲಯ 1995ರಲ್ಲಿ ಹಣವನ್ನು ಹಿಂದಿರುಗಿಸಿತು. ಮಾನವಿಕ ಅಧ್ಯಯನಕ್ಕೆ ಬಂದ ದೊಡ್ಡ ದತ್ತಿಯೇ ಹೀಗೆ ಮರಳಿ ಹೋದದ್ದು ವಿಷಾದಕರ. ಆದರೂ ನೇಮಕದ ಅಧಿಕಾರವನ್ನು ಮಾರದೆ ಉಳಿಸಿಕೊಂಡದ್ದು ಸರಿಯೆಂದೇ ನಾವು ತಿಳಿಯುತ್ತೇವೆ.

ಇದರ ಮತ್ತೊಂದು ಮುಖವನ್ನು ಪ್ರಿನ್ಸ್‌ಟನ್‌ನ ಪ್ರಕರಣ ತೋರಿಸುತ್ತದೆ. ವಿದ್ಯಾರ್ಥಿಗಳನ್ನು ಸರ್ಕಾರಿ ಸೇವೆಗೆ ಸಿದ್ಧಗೊಳಿಸಲೆಂದು ರಾಬರ್ಟ್‌ಸನ್ ಕುಟುಂಬ 1961ರಲ್ಲಿ 3.5 ಕೋಟಿ ಡಾಲರ್ ನೀಡಿತ್ತು. ವಿಶ್ವವಿದ್ಯಾಲಯ ಆ ಉದ್ದೇಶವನ್ನು ಮೀರಿ ಹಣವನ್ನು ಬಳಸುತ್ತಿದೆಯೆಂದು ದಾನಿಯ ವಾರಸುದಾರರು 2002ರಲ್ಲಿ ನ್ಯಾಯಾಲಯಕ್ಕೆ ಹೋದರು. ವ್ಯಾಜ್ಯ 2008ರಲ್ಲಿ ರಾಜಿಯಲ್ಲಿ ಮುಗಿಯಿತು. ಕುಟುಂಬದ ವ್ಯಾಜ್ಯದ ಖರ್ಚಿಗೆ ಸುಮಾರು 4 ಕೋಟಿ, ಅವರ ಹೊಸ ಪ್ರತಿಷ್ಠಾನಕ್ಕೆ 5 ಕೋಟಿ ಡಾಲರ್ ಕೊಡಲು ತೀರ್ಮಾನವಾಯಿತು. ದಾನಿ ಮಾತ್ರ ಅತಿಕ್ರಮಿಸುತ್ತಾನೆ, ಸಂಸ್ಥೆ ಸದಾ ನಿರ್ದೋಷಿ ಎಂದು ಹೇಳಲು ಬರುವುದಿಲ್ಲ. ಮಾತು ಅಸ್ಪಷ್ಟವಾಗಿದ್ದಲ್ಲಿ ಎರಡೂ ಪಕ್ಷಗಳು ತಮಗೆ ಬೇಕಾದಂತೆ ಅದನ್ನು ಓದಿಕೊಳ್ಳುತ್ತವೆ.

ಷರತ್ತು ಇದ್ದ ಮಾತ್ರಕ್ಕೆ ದತ್ತಿ ಕೆಟ್ಟದ್ದೆಂದೂ ಹೇಳಲಾಗದು. ಮೈಕೆಲ್ ಬ್ಲೂಮ್‌ಬರ್ಗ್ ತಾವು ಓದಿದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯಕ್ಕೆ 2018ರಲ್ಲಿ ಘೋಷಿಸಿದ 180 ಕೋಟಿ ಡಾಲರ್‌ಗಳಿಗೂ ಷರತ್ತಿತ್ತು: ಪದವಿ ವಿದ್ಯಾರ್ಥಿಗಳ ಆರ್ಥಿಕ ನೆರವಿಗೇ ಅದು ಬಳಕೆಯಾಗಬೇಕು. ಏನನ್ನು ಓದಬೇಕೆಂದು ಅದು ಹೇಳಲಿಲ್ಲ. ಬಡವನೂ ಓದಬೇಕೆಂದು ಹೇಳಿತು. ಅದೇ ವಿಶ್ವವಿದ್ಯಾಲಯ ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಪ್ರವೇಶದಲ್ಲಿ ಕೊಡುತ್ತಿದ್ದ ಆದ್ಯತೆಯನ್ನೂ ಕೈಬಿಟ್ಟಿತು. ಅನೇಕ ಖಾಸಗಿ ಸಂಸ್ಥೆಗಳಲ್ಲಿ ಆ ಆದ್ಯತೆ ದತ್ತಿಯ ನೆರಳಾಗಿ ಬೆಳೆದಿದೆ ಎಂಬುದನ್ನು ಇಲ್ಲಿ ಗಮನಿಸಬೇಕು. ತಂದೆಯ ಉಡುಗೊರೆ ಮಗನ ಪ್ರವೇಶಪತ್ರವಾಗುವಲ್ಲಿ ಋಣಸಂದಾಯವಿಲ್ಲ, ವ್ಯವಹಾರವಿದೆ.

4

ಅಮೆರಿಕದ ಪದ್ಧತಿಯನ್ನು ಬ್ರಿಟನ್ ತಡವಾಗಿ ಅನುಸರಿಸಿತು. ಆದರೆ ಅಲ್ಲಿಯ ಒಂದು ಪ್ರಯೋಗ ನಮ್ಮ ಗಮನಕ್ಕೆ ಅರ್ಹವಾಗಿದೆ. ವಿಶ್ವವಿದ್ಯಾಲಯಗಳು ಸಂಗ್ರಹಿಸುವ ದೇಣಿಗೆಗೆ ಸರಿಹೊಂದುವಂತೆ ತಾನೂ ಹಣ ಸೇರಿಸುವ ಯೋಜನೆಯನ್ನು ಇಂಗ್ಲೆಂಡಿನಲ್ಲಿ ಸರ್ಕಾರ 2008ರಿಂದ 2011ರವರೆಗೆ ನಡೆಸಿತು. ಅದಕ್ಕಾಗಿ 20 ಕೋಟಿ ಪೌಂಡುಗಳವರೆಗೆ ಮೀಸಲಿಟ್ಟಿತು. ಈ ಕೆಲಸಕ್ಕೆ ಹೊಸಬರಾದ ಸಂಸ್ಥೆಗಳಿಗೆ ಒಂದು ಪೌಂಡಿಗೆ ಒಂದು, ಸ್ವಲ್ಪ ಅನುಭವವಿದ್ದವುಗಳಿಗೆ ಎರಡಕ್ಕೆ ಒಂದು, ಆಕ್ಸ್‌ಫರ್ಡ್, ಕೇಂಬ್ರಿಜ್‌ನಂಥ ಬಲಾಢ್ಯ ಸಂಸ್ಥೆಗಳಿಗೆ ಮೂರಕ್ಕೆ ಒಂದು ಎಂಬುದು ಅದರ ಕ್ರಮ. ಉಳ್ಳವರಿಗೆ ಕಡಿಮೆ, ಇಲ್ಲದವರಿಗೆ ಹೆಚ್ಚು ಎಂಬ ಈ ವಿವೇಕ ದೇಣಿಗೆಯ ಸ್ವಭಾವದಲ್ಲಿಯೇ ಇಲ್ಲ. ಅದನ್ನು ಸರ್ಕಾರವೇ ಸೇರಿಸಬೇಕಾಯಿತು. ದೇಣಿಗೆ ಅನುದಾನಕ್ಕೆ ಬದಲಿಯಲ್ಲ, ಅನುದಾನದ ಜೊತೆಗಾರ ಎಂಬ ತತ್ತ್ವ ಇದರಲ್ಲಿ ಸ್ಪಷ್ಟವಾಗಿದೆ.

5

ಈ ಹಿನ್ನೆಲೆಯಲ್ಲಿ ಭಾರತದ ಸ್ಥಿತಿಯನ್ನು ಅವಲೋಕಿಸಬಹುದು. ಮುಂಬಯಿಯ ಐಐಟಿಯಲ್ಲಿ ಓದಿದ ಬೆಂಗಳೂರಿನ ನಂದನ್ ನಿಲೇಕಣಿ, ಆ ಸಂಸ್ಥೆಯೊಡನೆ ತಮ್ಮ ಐವತ್ತು ವರ್ಷಗಳ ಸಂಬಂಧದ ನೆನಪಿಗಾಗಿ 2023ರಲ್ಲಿ 315 ಕೋಟಿ ರೂಪಾಯಿ ನೀಡಿದರು. ಚೆನ್ನೈಯ ಐಐಟಿಗೆ ಅಲ್ಲಿಯ ಹಳೆಯ ವಿದ್ಯಾರ್ಥಿ ಕೃಷ್ಣ ಚಿವುಕುಲ 2024ರಲ್ಲಿ 228 ಕೋಟಿ ರೂಪಾಯಿ ಕೊಟ್ಟರು. ಇವು ಅಭಿನಂದನೀಯ. ಆದರೆ ಇವುಗಳನ್ನು ಎಲ್ಲ ವಿಶ್ವವಿದ್ಯಾಲಯಗಳಿಗೂ ಆದರ್ಶವೆಂದು ತೋರಿಸುವಲ್ಲಿ ಒಂದು ತರ್ಕದೋಷವಿದೆ. ಹಳೆಯ ವಿದ್ಯಾರ್ಥಿಗಳ ದೇಣಿಗೆ, ಅವರು ಕಲಿತ ವಿದ್ಯೆಗೆ ಮಾರುಕಟ್ಟೆ ಕೊಡುವ ಬೆಲೆಯನ್ನು ಹಿಂಬಾಲಿಸುತ್ತದೆ. ತಂತ್ರಜ್ಞಾನ ಕಲಿತವನು ಕೋಟಿ ಗಳಿಸಿ ತಂತ್ರಜ್ಞಾನಕ್ಕೇ ಕೊಡುತ್ತಾನೆ. ಕನ್ನಡ ಎಂ.ಎ. ಮಾಡಿದವರು ಶಿಕ್ಷಕರು, ಪತ್ರಕರ್ತರು, ಅನುವಾದಕರು, ಬ್ಯಾಂಕಿನ ನೌಕರರು ಆಗುತ್ತಾರೆ. ಅವರ ಕೃತಜ್ಞತೆ ಕಡಿಮೆಯದಲ್ಲ, ಸಂಬಳ ಕಡಿಮೆ. ಇದು ಯಾವ ದಾನಿಯ ದೋಷವೂ ಅಲ್ಲ, ಪದ್ಧತಿಯ ಸ್ವಭಾವ. ಈ ಪದ್ಧತಿಯನ್ನೇ ನಂಬಿದರೆ ಸಿರಿವಂತ ವಿದ್ಯೆಗಳು ಇನ್ನಷ್ಟು ಸಿರಿವಂತವಾಗುತ್ತವೆ, ಭಾಷಾವಿಭಾಗಗಳು ತಮ್ಮ ಬಡತನಕ್ಕೆ ತಾವೇ ಹೊಣೆಯೆಂಬ ಮಾತನ್ನು ಕೇಳಬೇಕಾಗುತ್ತದೆ.

ಇದರೊಡನೆ ಮಾನದಂಡದ ಪ್ರಶ್ನೆಯೂ ಇದೆ. ನ್ಯಾಕ್ ಸಂಸ್ಥೆ 2017ರಲ್ಲಿ ಜಾರಿಗೆ ತಂದ ಮೌಲ್ಯಮಾಪನದ ಚೌಕಟ್ಟಿನಲ್ಲಿ ಹಳೆಯ ವಿದ್ಯಾರ್ಥಿಗಳ ಸಂಘ ಮತ್ತು ಅವರ ಕೊಡುಗೆಗಳಿಗೂ ಅಂಕಗಳಿದ್ದವು. ಸಂಬಂಧ ಅಂಕವಾದಾಗ ಸಂಘಗಳು ಪರಿಶೀಲನಾ ತಂಡ ಬರುವ ಮುನ್ನ ಹುಟ್ಟಿ, ತಂಡ ಹೋದ ಮೇಲೆ ನಿದ್ರಿಸುವ ಅಪಾಯವಿದೆ. ವಿಲಿಯಮ್ಸ್ ಕಾಲೇಜಿನವರು ಸಂಘ ಕಟ್ಟಿದ್ದು ಅಂಕಕ್ಕಾಗಿ ಅಲ್ಲ.

6

ಕನ್ನಡನಾಡಿನ ಇತಿಹಾಸದಲ್ಲಿ ವಿದ್ಯಾದಾನದ ಬೇರೆಯ ಮಾದರಿಗಳು ದೊರೆಯುತ್ತವೆಯೇ ಎಂಬುದು ಸಹಜವಾದ ಪ್ರಶ್ನೆ. ಇಂದಿನ ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವಿದೆ. ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಗೆ ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದುದು, ಅವರ ವಸತಿಗೆ 27 ಮನೆಗಳಿದ್ದುದು ಅದರಿಂದ ತಿಳಿಯುತ್ತದೆ. ಅಧಿಕಾರಸ್ಥನ ದತ್ತಿಯ ಜೊತೆಗೆ ಊರವರ ವಂತಿಗೆಯನ್ನೂ ಶಾಸನ ದಾಖಲಿಸುತ್ತದೆ: ಮದುವೆಗೆ ಐದು, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂಕಾಲು ನಾಣ್ಯ. ಮನೆಯಲ್ಲಿ ಶುಭಕಾರ್ಯ ನಡೆದಾಗಲೆಲ್ಲ ಶಾಲೆಗೆ ಅದರ ಪಾಲು ಸಲ್ಲಬೇಕು. ಯೇಲ್‌ನ ವಾರ್ಷಿಕ ನಿಧಿಗಿಂತ ಒಂಬತ್ತು ಶತಮಾನಗಳಿಗೂ ಹಿಂದಿನ ಈ ಏರ್ಪಾಡಿನಲ್ಲಿ ಸಣ್ಣ ಮೊತ್ತ, ದೊಡ್ಡ ಸಂಖ್ಯೆ, ನಿಯತ ಸಲ್ಲಿಕೆ ಎಲ್ಲವೂ ಇವೆ.

ಇದನ್ನು ಅತಿಯಾಗಿ ಕೊಂಡಾಡುವುದೂ ತಪ್ಪಾದೀತು. ಉಪನಯನ, ಚೌಲಗಳ ಹೆಸರೇ ಸೂಚಿಸುವಂತೆ ಕೊಡುವವರೂ ಕಲಿಯುವವರೂ ಒಂದೇ ವಲಯದವರು. ಊರಿನ ಉಳಿದ ಮಕ್ಕಳಿಗೆ ಆ ಶಾಲೆಯ ಬಾಗಿಲು ತೆರೆದಿರಲಿಲ್ಲ. ನಮಗೆ ಬೇಕಾದುದು ಅದರ ಲೆಕ್ಕಾಚಾರ, ಅದರ ಗಡಿಯಲ್ಲ. ಶಾಸನಗಳಿಂದ ಕಲಿಯಬೇಕಾದ ಮತ್ತೊಂದು ಅಂಶವೂ ಇದೆ. ದತ್ತಿಯ ಕೊನೆಯಲ್ಲಿ ಬರುವ ಶಾಪಾಶಯದ ಎಚ್ಚರಿಕೆ ಪರರಿಗೆ ಮಾತ್ರವಲ್ಲ, ದತ್ತಿ ಬಿಟ್ಟವನಿಗೂ ಅವನ ವಂಶದವರಿಗೂ ಅನ್ವಯಿಸುತ್ತದೆ. ಕೊಟ್ಟ ಮೇಲೆ ಕೊಟ್ಟವನ ಹಿಡಿತ ಮುಗಿಯಿತು ಎಂಬ ಈ ಕಲ್ಪನೆ ಬ್ಯಾಸ್ ಪ್ರಕರಣದ ಸಂದರ್ಭದಲ್ಲಿ ಹೊಸ ಅರ್ಥವನ್ನು ಪಡೆಯುತ್ತದೆ.

7

ಭಾಷೆಯ ಪೀಠಕ್ಕಾಗಿ ಇಂದಿನ ಸಮುದಾಯವೊಂದು ಮಾಡಿದ ಪ್ರಯತ್ನಕ್ಕೆ ಹಾರ್ವರ್ಡ್ ವಿಶ್ವವಿದ್ಯಾಲಯದ ತಮಿಳು ಪೀಠ ನಿದರ್ಶನ. ಅದಕ್ಕೆ ಬೇಕಾದ 60 ಲಕ್ಷ ಡಾಲರ್ 2018ರಲ್ಲಿ ಪೂರ್ಣಗೊಂಡಿತು. ದೊಡ್ಡ ದಾನಿಗಳ ಜೊತೆಗೆ ಸಾವಿರಾರು ಸಾಮಾನ್ಯ ತಮಿಳರು ಕೊಟ್ಟರು. ತಮಿಳುನಾಡು ಸರ್ಕಾರ 10 ಕೋಟಿ ರೂಪಾಯಿ ಸೇರಿಸಿತು. ಇವರಲ್ಲಿ ಬಹುಪಾಲು ಜನ ಹಾರ್ವರ್ಡ್‌ನಲ್ಲಿ ಓದಿದವರಲ್ಲ. ಋಣ ಸಂಸ್ಥೆಯದಾಗಿರದೆ ಭಾಷೆಯದಾಗಿತ್ತು. ಇಷ್ಟೊಂದು ಸಂಪನ್ನ ವಿಶ್ವವಿದ್ಯಾಲಯಕ್ಕೇ ಹಣ ಸೇರಬೇಕಾಗಿತ್ತೇ ಎಂಬ ಆಕ್ಷೇಪಕ್ಕೆ ಆಧಾರವಿದೆ. 2024ರಲ್ಲಿ ಹಾರ್ವರ್ಡ್‌ನ ದತ್ತಿನಿಧಿ 5,300 ಕೋಟಿ ಡಾಲರ್ ಮೀರಿತ್ತು. ಆದರೂ ಭಾಷೆಯನ್ನು ಪ್ರೀತಿಸುವವರೆಲ್ಲ ಅದರ ‘ಹಳೆಯ ವಿದ್ಯಾರ್ಥಿ’ಗಳೇ ಎಂಬ ಸೂಚನೆ ಇಲ್ಲಿದೆ. ಕನ್ನಡಕ್ಕೂ ಇದರ ಪರಿಚಯವಿಲ್ಲದಿಲ್ಲ. ರೋಹನ್ ಮೂರ್ತಿಯವರ 52 ಲಕ್ಷ ಡಾಲರ್ ದತ್ತಿಯಿಂದ ನಡೆಯುವ ಭಾರತೀಯ ಅಭಿಜಾತ ಗ್ರಂಥಮಾಲೆಯಲ್ಲಿ ರಾಘವಾಂಕನ ಹರಿಶ್ಚಂದ್ರ ಕಾವ್ಯ, ವನಮಾಲಾ ವಿಶ್ವನಾಥ ಅವರ ಇಂಗ್ಲಿಷ್ ಅನುವಾದದೊಡನೆ 2017ರಲ್ಲಿ ಪ್ರಕಟವಾಯಿತು. ಗ್ರಂಥ ಬಂದಿತು, ಆ ಗ್ರಂಥವನ್ನು ಪಾಠ ಹೇಳುವ ಹುದ್ದೆಗಳನ್ನು ಭರ್ತಿ ಮಾಡುವ ಕೆಲಸ ಇನ್ನೂ ನಮ್ಮ ಮುಂದಿದೆ.

ಮೇಲಿನ ವಿವೇಚನೆಯಿಂದ ನಾವು ತಳೆಯುವ ನಿಲುವು ಇಷ್ಟು. ದತ್ತಿಯೊಂದನ್ನು ಅಳೆಯಬೇಕಾದುದು ಮೊತ್ತದಿಂದಲ್ಲ. ಕೊಟ್ಟ ಬಳಿಕ ನಿರ್ಧಾರ ಯಾರ ಕೈಯಲ್ಲಿ ಉಳಿಯಿತು ಎಂಬುದರಿಂದ. ತಾಂತ್ರಿಕ ಹಾಗೂ ವೃತ್ತಿಪರ ವಿಭಾಗಗಳಿಗೆ ಬರುವ ದೊಡ್ಡ ದೇಣಿಗೆಗಳ ಒಂದು ಪಾಲು ವಿಶ್ವವಿದ್ಯಾಲಯದ ಸಾಮಾನ್ಯ ನಿಧಿಗೆ ಸೇರುವ ನಿಯಮ ಬೇಕು. ಕರ್ನಾಟಕ ಸರ್ಕಾರ ಹೊರನಾಡಿನ ಪೀಠಗಳಿಗೆ ನೆರವು ನೀಡುವಾಗ, ಸಣ್ಣ ವಿಭಾಗದ ಸಣ್ಣ ಸಂಗ್ರಹಕ್ಕೆ ಹೆಚ್ಚು ಸರಿಪಾಲು ಕೊಡುವ ಇಂಗ್ಲೆಂಡಿನ ಕ್ರಮವನ್ನು ಪರಿಶೀಲಿಸಬಹುದು. ನಮ್ಮ ವಿಭಾಗಗಳಾದರೂ ಕೋಟ್ಯಧಿಪತಿಗಾಗಿ ಕಾಯದೆ, ಓದಿ ಹೋದವರ ಪಟ್ಟಿಯನ್ನು ಮೊದಲು ಸಿದ್ಧಪಡಿಸಿ, ವರ್ಷಕ್ಕೊಮ್ಮೆ ಕೈಲಾದಷ್ಟು ವಂತಿಗೆಯನ್ನು ಷರತ್ತಿಲ್ಲದೆ ಕೇಳುವ ರೂಢಿಯನ್ನು ಹಾಕಿಕೊಳ್ಳಬೇಕು. ಹಣವಿಲ್ಲದವರು ಪುಸ್ತಕಗಳನ್ನು, ಹಳೆಯ ಪತ್ರಿಕೆಗಳ ಸಂಪುಟಗಳನ್ನು, ವಾರದ ಒಂದು ತರಗತಿಯನ್ನು ಕೊಡಬಹುದು. ಅದೂ ದತ್ತಿಯೇ. ಸಾಲೋಟಗಿಯವರ ಒಂದೂಕಾಲು ನಾಣ್ಯವನ್ನು ಯಾರೂ ಅಲ್ಪವೆಂದು ತಿಳಿಯಲಿಲ್ಲ. ಕಲ್ಲಿನ ಮೇಲೆ ಬರೆಸಿದರು.