ಜೌಗಿನ ಉಪ್ಪು: ‘ಡ್ಯೂನ್’ ಮತ್ತು ‘ಕರ್ವಾಲೊ’ ಕಾದಂಬರಿಗಳ ಒಂದು ಓದು

ವೈಜ್ಞಾನಿಕ ಕಲ್ಪನೆಯ ಕಾದಂಬರಿಗಳನ್ನು ದೇವಶಾಸ್ತ್ರದ ವಿದ್ಯಾರ್ಥಿಗಳು ಬಿಡುವಿನ ಓದೆಂದು ಬದಿಗಿಡುವುದುಂಟು. ಫ್ರಾಂಕ್ ಹರ್ಬರ್ಟ್ ಅವರ ‘ಡ್ಯೂನ್’ (1965) ಹಾಗೆ ಬದಿಗಿಡಬಹುದಾದ ಕೃತಿಯಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳ ಸಭೆಗಳಿಗೆ ಸೇವೆಗೆ ಹೋಗುವವರಿಗಂತೂ ಅದು ಪಠ್ಯವಾಗಬೇಕೆಂದು ನಾವು ಭಾವಿಸುತ್ತೇವೆ. ಒಣನೆಲಕ್ಕೆ ನೀರು ಬಂದರೆ ಏನಾಗುತ್ತದೆ ಎಂಬುದೇ ಅದರ ವಸ್ತು. ಒಣನೆಲದ ಪರಿಸರವಿಜ್ಞಾನಿಗಳಿಗೇ ಅದು ಅರ್ಪಿತವಾಗಿದೆ.

ಕಥೆ ನಡೆಯುವುದು ಅರಾಕಿಸ್ ಎಂಬ ಮರಳುಗ್ರಹದಲ್ಲಿ. ಅಲ್ಲಿಯ ಫ್ರೆಮನ್ ಜನರು ತಮ್ಮ ಬೆವರನ್ನೂ ಉಸಿರಿನ ತೇವವನ್ನೂ ಸೋಸಿ ಮತ್ತೆ ಕುಡಿಯಲು ಕೊಡುವ ಉಡುಪನ್ನು ತೊಡುತ್ತಾರೆ. ಸತ್ತವನ ದೇಹದ ನೀರು ಕುಲದ ಸೊತ್ತು. ತಾನು ಕಾದಾಟದಲ್ಲಿ ಕೊಂದವನಿಗಾಗಿ ನಾಯಕ ಪಾಲ್ ಕಣ್ಣೀರಿಟ್ಟಾಗ, ಸತ್ತವನಿಗೆ ನೀರು ಕೊಟ್ಟನಲ್ಲ ಎಂದು ಅವರು ಬೆರಗಾಗುತ್ತಾರೆ. ಕೈನ್ಸ್ ಎಂಬ ಪರಿಸರವಿಜ್ಞಾನಿಯ ಮಾತು ನಂಬಿ, ತಲೆಮಾರುಗಳ ನಂತರವಾದರೂ ಗ್ರಹ ಹಸಿರಾಗಲೆಂದು ನೆಲದಡಿಯಲ್ಲಿ ಗುಟ್ಟಾಗಿ ನೀರು ಕೂಡಿಡುತ್ತಾರೆ. ಇಲ್ಲಿಯವರೆಗೆ ಓದಿದವರಿಗೆ ಯೆಶಾಯನ 35ನೆಯ ಅಧ್ಯಾಯ ನೆನಪಾಗುವುದು ಸಹಜ.

ವಿಚಿತ್ರವಿರುವುದು ಮುಂದೆ. ಅಲ್ಲಿಯ ದೈತ್ಯ ಮರಳುಹುಳುವಿಗೆ ನೀರೇ ವಿಷ. ಆ ಹುಳುವಿನ ಎಳೆಯ ರೂಪದ ಜೀವಿಗಳು ನೀರನ್ನು ಸುತ್ತುಗಟ್ಟಿ ಅಡಗಿಸುವುದರಿಂದಲೇ ಗ್ರಹ ಮರುಭೂಮಿಯಾಗಿ ಉಳಿದಿದೆ. ಅಂದರೆ ಆ ಮರಳು ಶಾಪದ ಫಲವಲ್ಲ, ಇನ್ನೊಂದು ಜೀವಿ ಕಟ್ಟಿಕೊಂಡ ಮನೆ. ಮುಂದಿನ ಭಾಗವಾದ ‘ಚಿಲ್ಡ್ರನ್ ಆಫ್ ಡ್ಯೂನ್’ನಲ್ಲಿ (1976) ನೆಲ ಹಸಿರಾಗುತ್ತ ಬಂದಂತೆ ಹುಳುಗಳು ಅಳಿಯತೊಡಗುತ್ತವೆ. ಅಡವಿ ಅರಳುವುದನ್ನು ಬಿಡುಗಡೆಯ ಚಿತ್ರವಾಗಿಯೇ ಕಂಡು ರೂಢಿಯಾದ ನಮಗೆ ಇದು ಕಷ್ಟದ ಮಾತು.

ಆದರೂ ಹರ್ಬರ್ಟರಲ್ಲಿ ಒಂದು ಕೊರತೆಯಿದೆ. ಕಾದಂಬರಿಯ ಲೋಕ ಹುಳುವಿಗೆ ಬೆಲೆ ಕಟ್ಟುವುದು ಅದರಿಂದ ದೊರೆಯುವ ಮಸಾಲೆಯ ಮೂಲಕ; ಮಸಾಲೆ ನಿಂತರೆ ಸಾಮ್ರಾಜ್ಯ ನಿಲ್ಲುತ್ತದೆಂಬ ಭಯವೇ ಕಥೆಯನ್ನು ನಡೆಸುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಈ ವಿಷಯದಲ್ಲಿ ಹೆಚ್ಚು ನಿಸ್ಪೃಹವಾದುದು. ಕ್ರೈಸ್ತ ಮನೆತನದ ಹೆಸರು ಹೊತ್ತ ವಿಜ್ಞಾನಿಯೊಬ್ಬ (ಕಥೆಯಲ್ಲಿ ಅವನ ಸಭೆಯ ಸುಳಿವಿಲ್ಲ, ಅದರಿಂದ ನಷ್ಟವೂ ಇಲ್ಲ) ಹಾರುವ ಓತಿಯೊಂದನ್ನು ಹುಡುಕಿ ಮಲೆನಾಡಿನ ಕಾಡು ಹೊಗುತ್ತಾನೆ. ಅದನ್ನು ಮೊದಲೇ ಕಂಡಿದ್ದವನು ಜೇನು ಹಿಡಿಯುವ ಮಂದಣ್ಣ. ಕೊನೆಗೆ ಸಿಕ್ಕಂತಾದ ಓತಿ ಪ್ರಪಾತದ ಆಳಕ್ಕೆ ತೇಲಿ ಕಣ್ಮರೆಯಾಗುತ್ತದೆ. ಅದರಿಂದ ಯಾರಿಗೂ ಏನೂ ಲಾಭವಿಲ್ಲ; ಕಂಡದ್ದಷ್ಟೇ ಪ್ರಾಪ್ತಿ. ಯೋಬನ 39ನೆಯ ಅಧ್ಯಾಯದ ಕಾಡುಕತ್ತೆ, ಉಷ್ಟ್ರಪಕ್ಷಿಗಳು ಈ ಓತಿಯ ಬಳಗ: ದೇವರು ಅವುಗಳನ್ನು ಹೆಸರಿಸುವುದು ಅವು ಮನುಷ್ಯನ ನೊಗಕ್ಕೆ ಬಾರವೆಂಬ ಕಾರಣಕ್ಕೆ.

ಇನ್ನು ನಮ್ಮ ಎರೆನೆಲಕ್ಕೆ ಬರೋಣ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಎಡದಂಡೆ ಕಾಲುವೆ ಸಿಂಧನೂರು, ಮಸ್ಕಿಗಳ ಮೇಲೆ ಹಾಯ್ದಿತು. ಲಿಂಗಸುಗೂರಿನ ಕಡೆಗೆ ಕೃಷ್ಣೆಯ ನೀರು ನಾರಾಯಣಪುರದ ಬಲದಂಡೆ ಕಾಲುವೆಯಲ್ಲಿ ಬಂತು. ತುಂಗಭದ್ರೆಯ ನೀರನ್ನು ಬಹುಮಟ್ಟಿಗೆ ಅರೆಖುಷ್ಕಿ ಬೆಳೆಗಳಿಗೆಂದು ಯೋಜಿಸಿದ್ದರೂ, ಮೇಲ್ಭಾಗದಲ್ಲಿ ಭತ್ತದ ಗದ್ದೆಗಳೇ ಹಬ್ಬಿದವು. ಕಾಲುವೆಯ ಕೊನೆಯವರಿಗೆ ನೀರು ಸಾಲದಾಯಿತು. ತಗ್ಗಿನ ಹೊಲಗಳಲ್ಲಿ ಮಾತ್ರ ಬಸಿದ ನೀರು ನಿಂತಿತು. ಎರೆಮಣ್ಣು ಸುಲಭವಾಗಿ ನೀರು ಬಿಟ್ಟುಕೊಡದು. ಅಂತರ್ಜಲ ಮೇಲೇರಿ, ನೆಲದೊಳಗಿನ ಲವಣವನ್ನು ಕರಗಿಸಿ ತಂದು, ಬಿಸಿಲಿಗೆ ಆರಿ, ಬಿಳಿಯ ಪೊರೆಯನ್ನು ಬಿಟ್ಟು ಹೋಗುತ್ತದೆ. ಜವಳು, ಸವಳು ಎಂದು ರೈತರು ಒಂದೇ ಉಸಿರಿನಲ್ಲಿ ಹೇಳುವ ಎರಡು ಮಾತುಗಳು ಇವೇ.

ಇಂಥ ಹೊಲದವನಿಗೆ ಸಭಾಪಾಲಕನು ಯಾವ ವಾಕ್ಯವನ್ನು ಓದಿ ಹೇಳಬೇಕು? 107ನೆಯ ಕೀರ್ತನೆಯ 34ನೆಯ ವಚನ ಕೈಗೆ ಬೇಗ ಸಿಗುತ್ತದೆ: ನಿವಾಸಿಗಳ ದುಷ್ಟತನದಿಂದ ಫಲವುಳ್ಳ ನೆಲ ಉಪ್ಪಾಯಿತೆಂಬ ಮಾತು. ಅದನ್ನು ಹಾಗೆಯೇ ಎತ್ತಿ ಹೇಳುವ ಪ್ರಸಂಗ ಕ್ರೂರವಾದುದು. ಕಾಲುವೆಯ ನಾಡಿನಲ್ಲಿ ಹೆಚ್ಚು ನೀರು ಹಾಯಿಸಿದವನೇ ಬೇರೆ, ಉಪ್ಪು ಉಂಡವನೇ ಬೇರೆ. ಕೀರ್ತನೆಗಾರನು ‘ನಿವಾಸಿಗಳು’ ಎಂದು ಒಟ್ಟಾಗಿ ಕಂಡವರ ನಡುವೆ ಇಳಿಜಾರು ಗೆರೆ ಎಳೆದಿದೆ. ನೀರಿನ ಒಂದೊಂದು ಹನಿ ಎಲ್ಲಿಂದ ಬಂದು ಯಾರ ಪಾಲಾಯಿತೆಂದು ಲೆಕ್ಕವಿಡುವ ‘ಡ್ಯೂನ್’ ಈ ಗೆರೆಯನ್ನು ಕಾಣಲು ಕಲಿಸುತ್ತದೆ. ಅನೇಕ ವ್ಯಾಖ್ಯಾನಗ್ರಂಥಗಳು ಕಲಿಸುವುದಿಲ್ಲ.

ಯೆಹೆಜ್ಕೇಲನ 47ನೆಯ ಅಧ್ಯಾಯ ಇದಕ್ಕಿಂತ ಆಳವಾದುದು. ದೇವಾಲಯದ ಹೊಸ್ತಿಲಿನಿಂದ ಹೊರಟ ನದಿ ಮುಟ್ಟಿದ್ದೆಲ್ಲವನ್ನೂ ಜೀವಿಸುತ್ತದೆ, ಉಪ್ಪುಸಮುದ್ರವೂ ಸಿಹಿಯಾಗುತ್ತದೆ. ಆದರೆ 11ನೆಯ ವಚನದಲ್ಲಿ ಜೌಗುಗಳೂ ಕೆಸರುಗುಂಡಿಗಳೂ ವಾಸಿಯಾಗದೆ ಉಪ್ಪಿಗಾಗಿ ಉಳಿಯುತ್ತವೆ. ಇದನ್ನು ದಂಡನೆಯೆಂದು ಓದಬೇಕಾಗಿಲ್ಲ. ಅದೇ ಪ್ರವಾದಿಯ 43:24ರಲ್ಲಿ ಯಾಜಕರು ಹೋಮದ ಮೇಲೆ ಉಪ್ಪು ಹಾಕುತ್ತಾರೆ. ಆ ಉಪ್ಪು ಎಲ್ಲಿಂದಲೋ ಬರಬೇಕಲ್ಲ! ಜೀವನದಿಯೇ ಸ್ವಲ್ಪ ನೆಲವನ್ನು ನೆಲದ ಪಾಡಿಗೆ ಬಿಡುತ್ತದೆ. ಹಾಗೆಂದು ಸವಳನ್ನು ವರವೆಂದು ಹೇಳಲೂ ಬಾರದು: ಪ್ರವಾದಿಯ ಜೌಗು ಉಳಿಸಿದ್ದು, ಸಿಂಧನೂರಿನ ಸವಳು ಮನುಷ್ಯರು ಮಾಡಿದ್ದು.

ರೋಮನ್ ಕಥೋಲಿಕ ವಾಚನಾವಳಿಯಲ್ಲಿ ತಪಸ್ಸುಕಾಲದ ನಾಲ್ಕನೆಯ ವಾರದ ಮಂಗಳವಾರ ಈ ಅಧ್ಯಾಯದ ಸರದಿ. ಪಾಠ 9ನೆಯ ವಚನಕ್ಕೆ ನಿಂತು ನೇರವಾಗಿ 12ಕ್ಕೆ ಜಿಗಿಯುತ್ತದೆ. ಲಿಂಗಸುಗೂರು ತಾಲ್ಲೂಕಿನ ಮುದ್ಗಲ್‌ನಲ್ಲಿ ಹಳೆಯ ಕಥೋಲಿಕ ಸಭೆಯಿದೆ. ಅಲ್ಲಿ ಆ ದಿನ ಪ್ರಸಂಗ ಹೇಳುವವರು ಬಿಟ್ಟುಹೋದ 11ನೆಯ ವಚನದಿಂದ ಆರಂಭಿಸಬಹುದು.