ಕುತ್ತಿಗೆಯ ಗಂಟು ಮತ್ತು ಸಾಕ್ಷ್ಯವಿಮರ್ಶೆ

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಬಂಡೆಶಾಸನವೊಂದಿದೆ. 1929ರ ಸುಮಾರಿನಲ್ಲಿ ಎಂ. ಎಚ್. ಕೃಷ್ಣ ಅವರು ಅದನ್ನು ಓದಿ, ಕೆರೆಯ ಸಂಗತಿಯೊಡನೆ ಅನೇಕ ರಾಜವಂಶಗಳ ಹೆಸರುಗಳೂ ಅದರಲ್ಲಿವೆಯೆಂದು ಪ್ರಕಟಿಸಿದರು. ಅಕ್ಷರಗಳು ಸವೆದಿರುವುದರಿಂದ ಆ ಹೆಸರುಗಳ ಪಾಠವನ್ನು ಅನಂತರದ ವಿದ್ವಾಂಸರು ಪ್ರಶ್ನಿಸಿದ್ದಾರೆ. ಕಲ್ಲು ಒಂದೇ ಆದರೂ ಓದು ಒಂದೇ ಆಗಲಿಲ್ಲ. ವೈದ್ಯರಲ್ಲದ ನಾವು ಥೈರಾಯ್ಡ್ ಗ್ರಂಥಿಯ ಗಂಟನ್ನು ಕುರಿತು ಬರೆಯಲು ಹೊರಟಿರುವುದಕ್ಕೆ ಇದೇ ಸಮರ್ಥನೆ. ಆ ಗಂಟು ಅರ್ಬುದವೇ ಅಲ್ಲವೇ ಎಂಬ ನಿರ್ಣಯವೂ ಮಸುಕಾದ ಸಾಕ್ಷ್ಯಗಳ ಓದನ್ನೇ ಆಶ್ರಯಿಸಿದೆ.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಬರುವ ನಮ್ಮ ವಿದ್ಯಾರ್ಥಿಗಳು ತಾಯಿಯ ಅಥವಾ ಅಕ್ಕನ ಸ್ಕ್ಯಾನಿಂಗ್ ವರದಿಯನ್ನು ತಂದು, “ಇದರ ಅರ್ಥವೇನು ಸಾರ್?” ಎಂದು ಕೇಳುವುದುಂಟು. ಕೇಳುವವರ ಮುಖದಲ್ಲಿ ಭಯವಿರುತ್ತದೆ. ಇಂತಹ ಗಂಟುಗಳಲ್ಲಿ ಬಹುಪಾಲು ನಿರುಪದ್ರವಿಗಳು. ಅವನ್ನೆಲ್ಲ ಕತ್ತರಿಸಿದರೆ ಅನೇಕರು ಆಜೀವ ಮಾತ್ರೆಗೆ ಕಟ್ಟುಬೀಳುತ್ತಾರೆ. ಯಾವುದನ್ನೂ ಗಮನಿಸದಿದ್ದರೆ ಕೆಲವರ ಪ್ರಾಣಕ್ಕೇ ಅಪಾಯ. ಆದುದರಿಂದ ವರದಿಯ ಓದು ಕೇವಲ ಪಾಂಡಿತ್ಯದ ವಿಷಯವಲ್ಲ.

ಮೊದಲನೆಯ ಸಾಕ್ಷ್ಯ ಅಲ್ಟ್ರಾಸೌಂಡ್. 2017ರಲ್ಲಿ ಅಮೆರಿಕದ ವಿಕಿರಣ ವೈದ್ಯರ ಸಂಸ್ಥೆಯು ಪ್ರಕಟಿಸಿದ ‘ಟೈರಾಡ್ಸ್’ ಪದ್ಧತಿಯು ಗಂಟಿನ ರಚನೆ, ಪ್ರತಿಧ್ವನಿಯ ಪ್ರಮಾಣ, ಆಕಾರ, ಅಂಚು, ಒಳಗಿನ ಹೊಳೆಯುವ ಚುಕ್ಕೆಗಳು ಎಂಬ ಐದು ಲಕ್ಷಣಗಳಿಗೆ ಅಂಕಗಳನ್ನು ಕೊಡುತ್ತದೆ. ಘನವಾದ, ಸುತ್ತಲಿನ ಗ್ರಂಥಿಗಿಂತ ಕಪ್ಪಾಗಿ ಕಾಣುವ, ನಯವಾದ ಅಂಚಿನ 1.2 ಸೆಂ.ಮೀ. ಗಂಟೊಂದಕ್ಕೆ 4 ಅಂಕಗಳು ಬಂದು ಅದು ನಾಲ್ಕನೆಯ ವರ್ಗಕ್ಕೆ ಸೇರುತ್ತದೆ. ಆ ವರ್ಗದಲ್ಲಿ 1.5 ಸೆಂ.ಮೀ. ಆಗುವವರೆಗೆ ಸೂಜಿ ಪರೀಕ್ಷೆ ಬೇಡ, ಕಾಲಕಾಲಕ್ಕೆ ಸ್ಕ್ಯಾನಿಂಗ್ ಸಾಕು. ಅದೇ ಗಂಟು ಅಗಲಕ್ಕಿಂತ ಎತ್ತರವಾಗಿದೆಯೆಂದು ಇನ್ನೊಬ್ಬ ಪರೀಕ್ಷಕರಿಗೆ ತೋರಿದರೆ 3 ಅಂಕಗಳು ಕೂಡಿ ಒಟ್ಟು 7 ಆಗುತ್ತದೆ. ಗಂಟು ಐದನೆಯ ವರ್ಗಕ್ಕೇರಿ, ಸೂಜಿ ಪರೀಕ್ಷೆ ಅವಶ್ಯವಾಗುತ್ತದೆ. ಒಂದೇ ಲಕ್ಷಣದ ಓದಿನಿಂದ ತೀರ್ಪು ಬದಲಾಯಿತು.

ಪದ್ಧತಿಗಳಲ್ಲಿಯೂ ಏಕಮತವಿಲ್ಲ. ಘನವಾದ, ಗ್ರಂಥಿಯಷ್ಟೇ ಪ್ರತಿಧ್ವನಿಯುಳ್ಳ, ಬೇರೆ ಸಂಶಯಲಕ್ಷಣವಿಲ್ಲದ 2.2 ಸೆಂ.ಮೀ. ಗಂಟಿಗೆ ಅಮೆರಿಕದ ಪದ್ಧತಿಯಂತೆ ಸೂಜಿ ಬೇಡ. ಅಲ್ಲಿನ ಮಿತಿ 2.5 ಸೆಂ.ಮೀ. ಅದೇ ವರ್ಷ ಬಂದ ಯೂರೋಪಿನ ಪದ್ಧತಿಯಂತೆ ಸೂಜಿ ಬೇಕು. ಅಲ್ಲಿನ ಮಿತಿ 2 ಸೆಂ.ಮೀ. ಹೀಗಿರುವಲ್ಲಿ ಪದ್ಧತಿಯ ಹೆಸರನ್ನೂ ಅಳತೆಯನ್ನೂ ಹೇಳದೆ ‘ಮೂರನೆಯ ವರ್ಗ’ ಎಂದಷ್ಟೇ ಬರೆದ ವರದಿಯು, ಶಕವೋ ಕ್ರಿಸ್ತಶಕವೋ ತಿಳಿಸದ ವರ್ಷದ ಅಂಕಿಯಂತೆ ಅಪೂರ್ಣ.

ಎರಡನೆಯ ಸಾಕ್ಷ್ಯ ಜೀವಕೋಶ ಪರೀಕ್ಷೆ. ಸಣ್ಣ ಸೂಜಿಯಿಂದ ಹೀರಿದ ಕೋಶಗಳನ್ನು ಬೆಥೆಸ್ಡಾ ಪದ್ಧತಿಯು ಆರು ವರ್ಗಗಳಾಗಿ ವಿಂಗಡಿಸುತ್ತದೆ. 2023ರ ಮೂರನೆಯ ಆವೃತ್ತಿಯಂತೆ ಅರ್ಬುದದ ಸರಾಸರಿ ಸಂಭವ ನಿರುಪದ್ರವಿ ವರ್ಗದಲ್ಲಿ ನೂರಕ್ಕೆ 4, ಅನಿಶ್ಚಿತ ವರ್ಗದಲ್ಲಿ 22, ಫಾಲಿಕ್ಯುಲರ್ ವರ್ಗದಲ್ಲಿ 30, ಸಂಶಯಿತ ವರ್ಗದಲ್ಲಿ 74, ಆರನೆಯ ವರ್ಗದಲ್ಲಿ 97. ಫಾಲಿಕ್ಯುಲರ್ ಗಂಟಿನಲ್ಲಿ ಕೋಶಗಳ ರೂಪ ಮಾತ್ರದಿಂದ ನಿರ್ಣಯ ಅಸಾಧ್ಯ. ಗಂಟು ತನ್ನ ಪೊರೆಯನ್ನಾಗಲಿ ರಕ್ತನಾಳವನ್ನಾಗಲಿ ಭೇದಿಸಿದೆಯೇ ಎಂಬುದು ಶಸ್ತ್ರಕ್ರಿಯೆಯಿಂದ ತೆಗೆದ ಭಾಗದಲ್ಲಿ ಮಾತ್ರ ಕಾಣುತ್ತದೆ. ಇದು ಪರೀಕ್ಷಕರ ಅಸಾಮರ್ಥ್ಯವಲ್ಲ, ಸಾಕ್ಷ್ಯದ ಮಿತಿ.

ಈ ಅಂಕಿಗಳ ಬಗ್ಗೆ ನಮ್ಮ ಮುಖ್ಯ ಆಕ್ಷೇಪ ಬೇರೆಯೇ ಇದೆ. ಅವು ಬಹುಮಟ್ಟಿಗೆ ಶಸ್ತ್ರಕ್ರಿಯೆಯಾದವರ ಲೆಕ್ಕದಿಂದ ಬಂದವು. ನಿರುಪದ್ರವಿಯೆಂದು ತೀರ್ಮಾನವಾದವರಲ್ಲಿ ಹೆಚ್ಚಿನವರು ಶಸ್ತ್ರಕ್ರಿಯೆಗೆ ಹೋಗುವುದೇ ಇಲ್ಲ. ಹೋದವರಿಗೆ ಬೇರೇನೋ ಸಂಶಯದ ಕಾರಣವಿದ್ದಿತು. ಆದುದರಿಂದ ಅನಿಶ್ಚಿತ ಮತ್ತು ನಿರುಪದ್ರವಿ ವರ್ಗಗಳ ಅಂಕಿಗಳು ನಿಜಸ್ಥಿತಿಗಿಂತ ಹೆಚ್ಚಾಗಿರಬಹುದು. ಕಲ್ಲಿನ ಮೇಲೆ ಬರೆಸಿದ ದಾನಗಳನ್ನಷ್ಟೇ ಎಣಿಸಿ, ಓಲೆಯ ಮೇಲೆ ಬರೆದು ನಾಶವಾದವನ್ನು ಮರೆತರೆ ಒದಗುವ ದೋಷವೂ ಇದೇ.

ಹುಡುಕಿದಷ್ಟೂ ಒಳಿತೆಂಬ ವಾದಕ್ಕೆ ದಕ್ಷಿಣ ಕೊರಿಯ ಉತ್ತರ ಕೊಟ್ಟಿದೆ. ಅಲ್ಲಿ 1999ರಲ್ಲಿ ರಾಷ್ಟ್ರೀಯ ಅರ್ಬುದ ತಪಾಸಣೆ ಆರಂಭವಾಯಿತು. ಅದರೊಡನೆ ಅಗ್ಗದ ಬೆಲೆಗೆ ಥೈರಾಯ್ಡ್ ಸ್ಕ್ಯಾನಿಂಗ್ ಕೂಡ ದೊರೆಯಿತು. 2011ರ ವೇಳೆಗೆ ಪತ್ತೆಯಾದ ಥೈರಾಯ್ಡ್ ಅರ್ಬುದಗಳ ಪ್ರಮಾಣ 1993ರ ಹದಿನೈದರಷ್ಟಾಯಿತು. ಮರಣಪ್ರಮಾಣ ಮಾತ್ರ ಬದಲಾಗಲಿಲ್ಲ. ಆದರೆ ಇದರಿಂದ ಉಪೇಕ್ಷೆಯನ್ನು ಸಮರ್ಥಿಸಲಾಗದು. ಬೇಗನೆ ಬೆಳೆಯುವ ಗಟ್ಟಿ ಗಂಟು, ಬದಲಾದ ಧ್ವನಿ, ಕುತ್ತಿಗೆಯ ಪಕ್ಕದ ಗೆಡ್ಡೆ, ಬಾಲ್ಯದಲ್ಲಿ ಪಡೆದ ವಿಕಿರಣ ಚಿಕಿತ್ಸೆ, ಮನೆತನದಲ್ಲಿ ಇದೇ ರೋಗ: ಇವುಗಳಲ್ಲಿ ಯಾವುದಿದ್ದರೂ ವೈದ್ಯರ ಬಳಿಗೆ ತಡಮಾಡದೆ ಹೋಗಬೇಕು.

ಹಾಗಾದರೆ ಈ ಎರಡು ಪದ್ಧತಿಗಳ ಬೆಲೆಯೇನು? ಇವು ವೈದ್ಯರಿಗೆ ಸಮಾನ ಭಾಷೆಯನ್ನು ಕೊಟ್ಟಿವೆ, ಅನವಶ್ಯಕ ಶಸ್ತ್ರಕ್ರಿಯೆಯನ್ನು ತಡೆಯುವ ಮಾರ್ಗವನ್ನು ತೋರಿಸಿವೆ. ಒಂದು ಸಾಕ್ಷ್ಯ ಇನ್ನೊಂದನ್ನು ಸಮರ್ಥಿಸಿದಾಗ ನಿರ್ಣಯ ಬಲವಾಗುತ್ತದೆ. ವಿರೋಧಿಸಿದಾಗ ಮರುಪರೀಕ್ಷೆ ಬೇಕಾಗುತ್ತದೆ. ಇದು ಇತಿಹಾಸಕಾರರಿಗೂ ಪರಿಚಿತವಾದ ನಿಯಮ. ದೋಷವಿರುವುದು ಸಂಭವವನ್ನು ತೀರ್ಪೆಂದು ಓದುವುದರಲ್ಲಿ. ಪ್ರತಿಯೊಂದು ಆಸ್ಪತ್ರೆಯೂ ತನ್ನ ಕೋಶವರದಿಗಳನ್ನು ಅಂತಿಮ ಫಲದೊಡನೆ ಹೋಲಿಸಿ ಲೆಕ್ಕವಿಡುವುದು ಅವಶ್ಯ. ಮರುಪರೀಕ್ಷೆಯ ದಿನವನ್ನು ಕನ್ನಡದಲ್ಲಿಯೇ ಬರೆದುಕೊಡಬೇಕು. ಕೂಲಿ ಬಿಟ್ಟು, ಬಸ್ಸು ಹತ್ತಿ ದುರ್ಗಕ್ಕೆ ಬರುವ ತಾಯಿಗೆ ‘ಮತ್ತೊಮ್ಮೆ ಬನ್ನಿ’ ಎಂಬ ಮಾತಷ್ಟೇ ಸಾಲದು. ಏತಕ್ಕೆ, ಎಂದು ಬರಬೇಕೆಂಬುದೂ ಆಕೆಗೆ ತಿಳಿಯಬೇಕು.