ವಿಮಾನಕ್ಕಿಂತ ಮುಂದೆ ಹಾರುವ ಮನಸ್ಸು

ಬೈಲಹೊಂಗಲದ ಎರೆಹೊಲದಲ್ಲಿ, ಹಳೆಯ ಎತ್ತಿನ ಮಂದಗತಿಗೆ ಒಗ್ಗಿದ ಒಕ್ಕಲಿಗನು ಬಿಸಿನೆತ್ತರಿನ ಹೋರಿಗೆ ನೊಗ ಹೂಡುವಾಗ ತೋರುವ ತಾಳ್ಮೆಯನ್ನು ಕಂಡವರಿಗೆ, ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ವಿಮಾನ ವಿನ್ಯಾಸಕ ಘಾಟಗೆಯವರ ಮುಂದಾಳ್ತನದಲ್ಲಿ ರೂಪುಗೊಂಡು 1951ರಲ್ಲಿ ಮೊದಲು ಹಾರಿದ ಪ್ರೊಪೆಲ್ಲರ್ ತರಬೇತಿ ವಿಮಾನ ಎಚ್‌ಟಿ-2ರಿಂದ, 1964ರಲ್ಲಿ ಗಗನವೇರಿದ ಕಿರಣ್ ಜೆಟ್ಟಿಗೆ ದಾಟಿದ ವೈಮಾನಿಕರ ಕೌಶಲವು ವಂದನೀಯವೆನಿಸದಿರದು.

ಪ್ರೊಪೆಲ್ಲರಿನ ಸುಳಿಗಾಳಿಯು ಮೂತಿಯನ್ನು ಓರೆಗೆಳೆಯದಂತೆ ಕ್ಷಣಕ್ಷಣವೂ ತಿದ್ದುತ್ತಿದ್ದ ಪಾದವು ಆ ಅಭ್ಯಾಸವನ್ನು ಮರೆಯಬೇಕಿತ್ತು. ಒಡಲೊಳಗೆ ಅಡಗಿದ ಗಾಲಿಗಳನ್ನು ನೆನೆದು ಇಳಿಸಬೇಕಿತ್ತು. ಜೆಟ್ ಯಂತ್ರವು ಕರೆದೊಡನೆ ಓಗೊಡದೆ ತುಸು ತಡೆದು ಬಲಗೂಡುವುದರಿಂದ, ವೇಗವು ಕುಗ್ಗುವ ಮೊದಲೇ ಥ್ರಾಟಲನ್ನು ಮುಂದೊತ್ತಬೇಕಿತ್ತು.

ವಿಮಾನಕ್ಕಿಂತ ಮುಂದಾಗಿ ಮನಸ್ಸೇ ಹಾರುವ ಈ ವಿದ್ಯೆಯೂ, ಸೀಳುದನಿಯ ನಡುವೆ ನಿಷ್ಕಂಪವಾದ ಆ ವೈಮಾನಿಕರ ಬೆರಳುಗಳೂ ನನ್ನ ಪಾಲಿಗೆ ಯೋಗಸಾಧನೆಯೇ ಸರಿ.